ಹುಬ್ಬಳ್ಳಿಯ ರಸ್ತೆಗೂ ಕೊಯಮತ್ತೂರಿನ ಟ್ರ್ಯಾಕಿಗೂ ಒಂದೇ ಕಾರು: ಬ್ರೇಕಿನಲ್ಲಿ ಮೊದಲು ಏನನ್ನು ಬದಲಿಸಬೇಕು?

ಪ್ರಶ್ನೆ – ವಿದ್ಯಾನಗರದ ಕೂಪೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಬಾಗಿಲಿನ, ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಸ್ಪೋರ್ಟ್ಸ್ ಕಾರು ಇದೆ. ನಾನು ಕುಳಿತರೆ ಒಟ್ಟು ತೂಕ ಸುಮಾರು 1,400 ಕಿಲೊ ಆಗುತ್ತದೆ. ನಾಲ್ಕು ವರ್ಷಗಳ ಹಿಂದೆ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ವಾರದ ದಿನಗಳಲ್ಲಿ ಇದರಲ್ಲೇ ಧಾರವಾಡದ ಕಚೇರಿಗೆ ಹೋಗಿ ಬರುತ್ತೇನೆ. ಆಗೊಮ್ಮೆ ಈಗೊಮ್ಮೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾದ ಕಡೆಗೆ ಹೋಗುವುದೂ ಉಂಟು.

ಕಳೆದ ತಿಂಗಳು ಮೊದಲ ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಕಾರು ಓಡಿಸಿದೆ. ಐದನೆಯ ಸುತ್ತಿನಲ್ಲಿ, ನೇರದಾರಿಯ ಕೊನೆಗೆ ಸುಮಾರು 140 ಕಿ.ಮೀ. ವೇಗದಲ್ಲಿದ್ದಾಗ ಬ್ರೇಕ್ ತುಳಿದೆ. ಪೆಡಲ್ ಎಂದಿನ ಜಾಗದಲ್ಲಿ ನಿಲ್ಲದೆ, ನೆನೆದ ಹಾಸಿಗೆಯ ಮೇಲೆ ಕಾಲಿಟ್ಟಂತೆ ಮೆತ್ತಗೆ ಇಳಿಯುತ್ತಾ ಹೆಚ್ಚುಕಡಿಮೆ ಮ್ಯಾಟನ್ನೇ ಮುಟ್ಟಿತು. ಎರಡು ಸಲ ಪಂಪ್ ಮಾಡಿದ ಮೇಲೆ ಅರ್ಧ ಬ್ರೇಕ್ ಸಿಕ್ಕಿತು. ಅಷ್ಟರಲ್ಲಿ ತಿರುವು ಕೈತಪ್ಪಿ ಕಾರು ನೇರವಾಗಿ ಮಣ್ಣಿಗಿಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮುಕ್ಕಾಲು ಗಂಟೆ ನಿಲ್ಲಿಸಿದ ಮೇಲೆ ಪೆಡಲ್ ಬಹುಮಟ್ಟಿಗೆ ಮೊದಲಿನಂತಾಯಿತು, ಆದರೆ ಆ ದಿನ ಮತ್ತೆ ಟ್ರ್ಯಾಕಿಗೆ ಇಳಿಯುವ ಧೈರ್ಯ ನನಗೆ ಬರಲಿಲ್ಲ.

ಬೆಂಗಳೂರಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಮುಂದಿನ ಚಕ್ರಗಳಿಗೆ ಆರು ಪಿಸ್ಟನ್ನಿನ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಮತ್ತು ದೊಡ್ಡ ಡಿಸ್ಕ್ (ಚಕ್ರದೊಂದಿಗೆ ತಿರುಗುವ ಬ್ರೇಕ್ ತಟ್ಟೆ) ಇರುವ ಕಿಟ್ಟಿಗೆ ಮೂರೂವರೆ ಲಕ್ಷ ರೂಪಾಯಿ ಹೇಳಿದ್ದಾರೆ. ವರ್ಷಕ್ಕೆ ಎರಡು ಮೂರು ಸಲ ಟ್ರ್ಯಾಕಿಗೆ ಹೋಗುವವನು ನಾನು. ಇಷ್ಟು ಹಣ ಹಾಕುವುದು ಸರಿಯೇ? ಕಾರಿನಲ್ಲಿ ನಾನೊಬ್ಬನೇ ಇರುವುದಿಲ್ಲ, ಮನೆಯವರೂ ಕೂರುತ್ತಾರೆ. ಆದ್ದರಿಂದ ಊರೊಳಗಿನ ಬ್ರೇಕ್ ಕೆಡಬಾರದು.

ಉತ್ತರ 1 – ಗೋಕುಲ ರಸ್ತೆಯ ಮಿಸ್ತ್ರಿ

ಸರ್, ಹಣ ಕೊಡುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಪೆಡಲ್ ಕೆಳಗಿಳಿಯಿತು ಎಂಬ ಮಾತು. ಬ್ರೇಕ್ ಬಿಸಿಯಾಗಿ ಕೈಕೊಡುವುದರಲ್ಲಿ ಎರಡು ಬಗೆಗಳಿವೆ, ಎರಡಕ್ಕೂ ಮದ್ದು ಬೇರೆ ಬೇರೆ. ಡಿಸ್ಕನ್ನು ಉಜ್ಜಿ ಹಿಡಿಯುವ ಪ್ಯಾಡ್ ತನ್ನ ಮಿತಿ ಮೀರಿ ಕಾದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ಮಾತ್ರ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಕುದಿದರೆ ಕ್ಯಾಲಿಪರಿನೊಳಗೆ ಆವಿಯ ಗುಳ್ಳೆಗಳಾಗುತ್ತವೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ, ಹಾಗಾಗಿ ನಿಮ್ಮ ಕಾಲಿನ ಒತ್ತಡವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದು ಪೆಡಲ್ ನೆಲ ಮುಟ್ಟುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ನೀರಾಗುವುದರಿಂದ ಪೆಡಲ್ ಮರಳಿ ಬರುತ್ತದೆ. ನಿಮಗಾದದ್ದು ಇದೇ.

ಕಾರು ಕೊಂಡ ಮೇಲೆ ಬ್ರೇಕ್ ಆಯಿಲ್ ಬದಲಿಸಿದ್ದೀರಾ? ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು, ರಬ್ಬರ್ ಹೋಸಿನ ಮೂಲಕವೂ ತೇವ ಒಳಗೆ ಸೇರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ಆಯಿಲ್‌ನಲ್ಲಿ ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 5.1 ಆದರೆ ಇವೇ ಅಂಕಿಗಳು 260 ಮತ್ತು 180. ರೇಸಿಗೆಂದೇ ತಯಾರಾಗುವ ಆಯಿಲ್‌ಗಳು ಹೊಸದರಲ್ಲಿ 300 ಡಿಗ್ರಿಯನ್ನೂ ದಾಟುತ್ತವೆ. ಮೋಟುಲ್ ಆರ್‌ಬಿಎಫ್ 600 ಡಬ್ಬಿಯ ಮೇಲೆ 312 ಎಂದು ಬರೆದಿರುತ್ತದೆ. ಒಂದು ಎಚ್ಚರಿಕೆಯನ್ನು ಹೇಳಿಬಿಡುತ್ತೇನೆ: ಡಾಟ್ 5 ಎಂಬುದು ಸಿಲಿಕೋನ್ ಆಯಿಲ್, 5.1ಕ್ಕೂ ಅದಕ್ಕೂ ಸಂಬಂಧವಿಲ್ಲ, ಅದನ್ನು ನಿಮ್ಮ ಕಾರಿಗೆ ಹಾಕಲೇಬಾರದು. ಸೀಲ್ ಒಡೆದು ಆರು ತಿಂಗಳು ಇಟ್ಟ ಡಬ್ಬಿಯ ಆಯಿಲ್ ಕೂಡ ಬೇಡ.

ಆಮೇಲೆ ಪ್ಯಾಡ್. ಕಂಪನಿಯಿಂದ ಬರುವ ಪ್ಯಾಡ್ ಚಳಿಯ ಮುಂಜಾನೆಯ ಮೊದಲ ಬ್ರೇಕಿನಲ್ಲೇ ಹಿಡಿಯುತ್ತದೆ, ಶಬ್ದ ಮಾಡುವುದಿಲ್ಲ, ಆದರೆ ಟ್ರ್ಯಾಕಿನ ಬಿಸಿಯನ್ನು ತಾಳುವುದಿಲ್ಲ. ಪೂರ್ಣ ಟ್ರ್ಯಾಕ್ ಪ್ಯಾಡ್ ಇದಕ್ಕೆ ತದ್ವಿರುದ್ಧ. ಅದು ಕಾದ ಮೇಲೆಯೇ ಸರಿಯಾಗಿ ಹಿಡಿಯುವುದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತಣ್ಣಗಿರುವ ಟ್ರ್ಯಾಕ್ ಪ್ಯಾಡ್ ಇಟ್ಟುಕೊಂಡು, ಎದುರಿಗೆ ಆಕಳೊಂದು ಅಡ್ಡ ಬಂದರೆ ಏನಾದೀತು ಎಂದು ಯೋಚಿಸಿ. ಇವೆರಡರ ನಡುವಿನ ದರ್ಜೆಯೂ ಇದೆ, ಫೆರೋಡೊ ಡಿಎಸ್ 2500ರಂಥವು. ಸ್ವಲ್ಪ ಕಿರುಗುಟ್ಟುತ್ತವೆ, ಚಕ್ರದ ಮೇಲೆ ಕಪ್ಪು ಪುಡಿ ಜಾಸ್ತಿ. ವರ್ಷಕ್ಕೆ ಎರಡು ಮೂರು ಸಲವೇ ಹೋಗುವುದಾದರೆ ನನ್ನ ಮತ ಇದೇ ನಡುವಿನ ದರ್ಜೆಯ ಕಡೆಗೆ. ಒಂದೇ ಮಾತು, ಮುಂದಕ್ಕೆ ಒಂದು ಜಾತಿ ಹಿಂದಕ್ಕೆ ಇನ್ನೊಂದು ಜಾತಿ ಹಾಕಬೇಡಿ. ನಾಲ್ಕೂ ಚಕ್ರಕ್ಕೆ ಒಂದೇ ಇರಲಿ.

ನಿಮ್ಮ ಕಾರಿನ ಹಿಂದಿನ ಹ್ಯಾಂಡ್‌ಬ್ರೇಕ್ ಕರೆಂಟಿನದಾಗಿದ್ದರೆ, ಸ್ಕ್ಯಾನರ್ ಹಾಕಿ ಅದನ್ನು ಸರ್ವಿಸ್ ಸ್ಥಿತಿಗೆ ತಂದ ಮೇಲೆಯೇ ಹಿಂದಿನ ಪ್ಯಾಡ್ ಬಿಚ್ಚಬೇಕು. ಬಲವಂತವಾಗಿ ಪಿಸ್ಟನ್ ಒತ್ತಿ ಮೋಟಾರು ಮುರಿದುಕೊಂಡು ಬಂದವರನ್ನು ನಾನು ಕಂಡಿದ್ದೇನೆ.

ಉತ್ತರ 2 – ಗದಗಿನ ಮಾಸ್ತರ

ಮಿಸ್ತ್ರಿಯವರ ಮಾತು ಸರಿಯಾಗಿದೆ. ನಾನು ಡಿಪ್ಲೊಮಾ ಮಕ್ಕಳಿಗೆ ಮೆಕ್ಯಾನಿಕಲ್ ಕಲಿಸುವವನು, ಆದ್ದರಿಂದ ಲೆಕ್ಕವನ್ನು ಸೇರಿಸುತ್ತೇನೆ. ಬ್ರೇಕ್ ಮಾಡುವ ಕೆಲಸವೆಂದರೆ ಚಲನೆಯನ್ನು ಶಾಖವಾಗಿ ಬದಲಿಸುವುದು. 1,400 ಕಿಲೊ ತೂಕದ ಕಾರನ್ನು ಬಿಆರ್‌ಟಿಎಸ್ ರಸ್ತೆಯ ಸಿಗ್ನಲ್ಲಿನಲ್ಲಿ 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 195 ಕಿಲೊಜೂಲ್ ಶಾಖ ಹುಟ್ಟುತ್ತದೆ. ಅದೇ ಕಾರನ್ನು ಟ್ರ್ಯಾಕಿನಲ್ಲಿ 140ರಿಂದ 60ಕ್ಕೆ ಇಳಿಸಿದರೆ ಸುಮಾರು 865 ಕಿಲೊಜೂಲ್, ಅಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು. ಇದರಲ್ಲಿ ಶೇ 70ರಷ್ಟು ಭಾರವನ್ನು ಮುಂದಿನ ಎರಡು ಡಿಸ್ಕುಗಳು ಹೊರುತ್ತವೆ ಎಂದಿಟ್ಟುಕೊಳ್ಳಿ; ಒಂದೊಂದು ಡಿಸ್ಕಿನ ಬೀಡುಕಬ್ಬಿಣ 8 ಕಿಲೊ ತೂಗಿದರೆ, ಆ ಒಂದೇ ಬ್ರೇಕಿಗೆ ಅದರ ಉಷ್ಣತೆ ಸುಮಾರು 80 ಡಿಗ್ರಿ ಏರುತ್ತದೆ. ಊರೊಳಗೆ ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಅದು ಆರುತ್ತದೆ. ಕರಿ ಟ್ರ್ಯಾಕಿನ ಒಂದು ಸುತ್ತು ಸುಮಾರು 2.1 ಕಿ.ಮೀ. ಮಾತ್ರ, ಒಂದೂವರೆ ನಿಮಿಷದೊಳಗೆ ಅದೇ ತಿರುವು ಮತ್ತೆ ಎದುರಿಗಿರುತ್ತದೆ, ನಡುವೆ ಬೇರೆ ಬ್ರೇಕುಗಳೂ ಬಂದುಹೋಗಿರುತ್ತವೆ. ಶಾಖ ಹೊರಹೋಗುವುದಕ್ಕಿಂತ ಬೇಗ ಒಳಬರುತ್ತದೆ, ಕೊನೆಗೆ ಪ್ಯಾಡಿನ ಬೆನ್ನಿನಿಂದ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಆಯಿಲಿಗೆ ದಾಟುತ್ತದೆ. ಸವೆದ ಪ್ಯಾಡ್ ತೆಳುವಾಗಿರುವುದರಿಂದ ಶಾಖವನ್ನು ಇನ್ನೂ ಬೇಗ ದಾಟಿಸುತ್ತದೆ. ಅರ್ಧ ಸವೆದ ಪ್ಯಾಡಿನೊಂದಿಗೆ ಟ್ರ್ಯಾಕಿಗೆ ಹೋಗಬಾರದು ಎನ್ನುವುದು ಈ ಕಾರಣಕ್ಕೆ.

ದೊಡ್ಡ ಕಿಟ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮ ಹುಡುಗರಲ್ಲಿ ಬಹಳ ಗಟ್ಟಿಯಾಗಿ ಬೇರೂರಿದೆ. ತಣ್ಣಗಿರುವ ನಿಮ್ಮ ಈಗಿನ ಬ್ರೇಕನ್ನು ಜೋರಾಗಿ ತುಳಿದರೆ ಎಬಿಎಸ್ (ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡಿ ಪೆಡಲ್ ಕಾಲಿನಡಿ ಕಂಪಿಸುತ್ತದೆ ಅಲ್ಲವೇ? ಹಾಗಾದರೆ ಚಕ್ರವನ್ನು ಹಿಡಿದು ನಿಲ್ಲಿಸುವಷ್ಟು ಶಕ್ತಿ ಬ್ರೇಕಿಗೆ ಆಗಲೇ ಇದೆ. ಅಲ್ಲಿಂದಾಚೆ ದೂರವನ್ನು ನಿರ್ಧರಿಸುವುದು ಟೈರು ಮತ್ತು ರಸ್ತೆ. ದೊಡ್ಡ ಡಿಸ್ಕ್ ಕೊಡುವುದು ಹೆಚ್ಚು ಲೋಹವನ್ನು ಮತ್ತು ಹೆಚ್ಚು ಗಾಳಿಯನ್ನು, ಅಂದರೆ ಹತ್ತನೆಯ ಸುತ್ತಿನಲ್ಲೂ ಮೊದಲ ಸುತ್ತಿನಂತೆಯೇ ಹಿಡಿಯುವ ಗುಣವನ್ನು. ಅದು ನಿಜಕ್ಕೂ ಬೆಲೆಬಾಳುವ ಗುಣವೇ, ಆದರೆ ನಿಮಗೆ ಈಗಲೇ ಅದು ಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ. ತೂತು ಕೊರೆದ ಡಿಸ್ಕುಗಳ ಚಂದಕ್ಕೂ ಮರುಳಾಗಬೇಡಿ. ಮತ್ತೆ ಮತ್ತೆ ಕಾದು ಆರುವಾಗ ಬಿರುಕು ಬಿಡುವುದು ಆ ತೂತುಗಳ ಅಂಚಿನಿಂದಲೇ.

ಉತ್ತರ 3 – ಸಪ್ತಾಪುರ, ಧಾರವಾಡ

ನಾನು ದೊಡ್ಡ ಕಿಟ್ ಹಾಕಿಸಿದವನು, ಆದ್ದರಿಂದ ನನ್ನ ಅನುಭವ ಹೇಳುತ್ತೇನೆ. ನನ್ನದು ಬೇರೆ ಕಾರು. ಮುಂದೆ ಮಾತ್ರ ದೊಡ್ಡ ಕ್ಯಾಲಿಪರ್ ಹಾಕಿಸಿದ್ದೆ. ಪಿಸ್ಟನ್ನುಗಳ ಒಟ್ಟು ವಿಸ್ತಾರ ಮೊದಲಿಗಿಂತ ಹೆಚ್ಚಾದ್ದರಿಂದ ಪೆಡಲ್ ಉದ್ದಕ್ಕೆ ಹೋಗತೊಡಗಿತು, ಮುಂದಿನ ಚಕ್ರಗಳು ಬೇಗ ಎಬಿಎಸ್ ಮುಟ್ಟುತ್ತಿದ್ದವು, ಹಿಂದಿನ ಬ್ರೇಕುಗಳು ಬಹುತೇಕ ಸುಮ್ಮನೆ ಕುಳಿತವು. ಹಣ ಸುರಿದ ಮೇಲೂ ಕಾರು ಮೊದಲಿಗಿಂತ ಬೇಗ ನಿಲ್ಲಲಿಲ್ಲ. ಜೊತೆಗೆ 17 ಇಂಚಿನ ನನ್ನ ಹಳೆಯ ರಿಮ್ ಆ ಕ್ಯಾಲಿಪರಿನ ಮೇಲೆ ಕೂರಲಿಲ್ಲ, 18ರ ರಿಮ್ ಮತ್ತು ಟೈರುಗಳ ಖರ್ಚು ಬೇರೆ ಬಂತು. ಸ್ಟೆಪ್ನಿ ಕೂಡ ಮುಂದಿನ ಚಕ್ರಕ್ಕೆ ಹೊಂದಲಿಲ್ಲ ಎಂಬುದು ತಿಳಿದದ್ದು ಬಂಕಾಪುರದ ಹತ್ತಿರ ಹೆದ್ದಾರಿಯಲ್ಲಿ ಪಂಕ್ಚರ್ ಆದಾಗ.

ಸ್ಟೀಲ್ ಹೆಣಿಗೆಯ ಹೋಸ್ ಪೈಪುಗಳನ್ನು ಮಾತ್ರ ಧಾರಾಳವಾಗಿ ಹಾಕಿಸಿ. ರಬ್ಬರ್ ಹೋಸ್ ಒತ್ತಡಕ್ಕೆ ಸ್ವಲ್ಪ ಉಬ್ಬುತ್ತದೆ, ಹಳೆಯದಾದಷ್ಟೂ ಹೆಚ್ಚು. ಸ್ಟೀಲಿನದು ಉಬ್ಬುವುದಿಲ್ಲವಾದ್ದರಿಂದ ಕಾಲಿಗೆ ಸಿಗುವ ಹಿಡಿತ ಸ್ಪಷ್ಟವಾಗುತ್ತದೆ. ಇನ್ನೊಂದು ವಿಷಯವನ್ನು ಯಾರೂ ಹೇಳಲಿಲ್ಲ. ಕಾರು ಅಡ್ಡ ಜಾರದಂತೆ ನೋಡಿಕೊಳ್ಳುವ ಸ್ಟೆಬಿಲಿಟಿ ಕಂಟ್ರೋಲ್ ಪೂರ್ತಿ ಚಾಲೂ ಇದ್ದರೆ ಅದು ತಿರುವಿನಲ್ಲಿ ಒಂದೊಂದು ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತಿರುತ್ತದೆ, ಆ ಶಾಖವೂ ಲೆಕ್ಕಕ್ಕೆ ಸೇರುತ್ತದೆ. ಹಾಗೆಂದು ಹೊಸಬರು ಅದನ್ನು ಬಂದ್ ಮಾಡಬಾರದು; ಸ್ಟಿಯರಿಂಗನ್ನು ಕಿತ್ತು ತಿರುಗಿಸದೆ ನಿಧಾನವಾಗಿ ತಿರುಗಿಸುವುದನ್ನು ಕಲಿತರೆ ಅದರ ಕೆಲಸ ತಾನಾಗಿಯೇ ಕಡಿಮೆಯಾಗುತ್ತದೆ.

ಮತ್ತೆ ಪ್ರಶ್ನೆ ಕೇಳಿದವರು – ವಿದ್ಯಾನಗರದ ಕೂಪೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಪರಿಚಯದ ಗ್ಯಾರೇಜಿನಲ್ಲಿ ಮುಂದಿನ ಎಡಗಡೆಯ ಕ್ಯಾಲಿಪರಿನ, ಆಯಿಲ್ ಹೊರಬಿಡುವ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಹಾಕಿ ಆಯಿಲ್ ತೆಗೆಸಿದೆ. ಹೊಸ ಆಯಿಲ್ ತಿಳಿ ಹಳದಿ ಇದ್ದರೆ, ನನ್ನದು ಹಾಲು ಹಾಕದ ಚಹಾದ ಬಣ್ಣದಲ್ಲಿ ಬಂತು, ಅದರೊಳಗೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಬಂದವು. ಸರ್ವಿಸ್ ಪುಸ್ತಕ ತಿರುವಿ ನೋಡಿದರೆ ನಾನು ಕೊಂಡ ಮೇಲೆ ಒಮ್ಮೆಯೂ ಅದನ್ನು ಬದಲಿಸಿಲ್ಲ. ಈ ಆಯಿಲಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಅರಬೈಲ್ ಇಳಿದಿದ್ದೇನೆ ಎಂದು ನೆನೆದು ಮೈ ಜುಮ್ಮೆಂದಿತು. ಮುಂದಿನ ಪ್ಯಾಡುಗಳಲ್ಲಿ ನಾಲ್ಕು ಮಿಲಿಮೀಟರ್ ಉಳಿದಿದೆ; ಒಂದು ಕ್ಯಾಲಿಪರಿನ ರಬ್ಬರ್ ಬೂಟ್ (ಪಿಸ್ಟನ್ನಿಗೆ ಧೂಳು ತಾಗದಂತೆ ಮುಚ್ಚುವ ಹೊದಿಕೆ) ಸುಟ್ಟು ಹಪ್ಪಳದಂತೆ ಒಡೆದಿದೆ. ಕಿಟ್ಟಿನ ಯೋಚನೆ ಬಿಟ್ಟಿದ್ದೇನೆ. ರೇಸಿಂಗ್ ಆಯಿಲ್, ನಡುವಿನ ದರ್ಜೆಯ ಪ್ಯಾಡ್, ಸ್ಟೀಲ್ ಹೋಸ್, ಇಷ್ಟಕ್ಕೆ ಆರ್ಡರ್ ಕೊಟ್ಟಿದ್ದೇನೆ. ಹೊಸ ಪ್ಯಾಡನ್ನು ಪಳಗಿಸುವುದು ಹೇಗೆ, ಯಾವ ರಸ್ತೆಯಲ್ಲಿ?

ಉತ್ತರ 4 – ಗೋಕುಲ ರಸ್ತೆಯ ಮಿಸ್ತ್ರಿ

ಸರ್, ಬೂಟ್ ಒಡೆದಿದ್ದರೆ ಆ ಕ್ಯಾಲಿಪರಿನ ಸೀಲ್ ಕಿಟ್ ಕೂಡ ತರಿಸಿ, ಧೂಳು ಒಳಹೊಕ್ಕರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಡಿಸ್ಕಿನ ದಪ್ಪವನ್ನು ಅಳೆಸಿ. ಕನಿಷ್ಠ ದಪ್ಪ ಎಷ್ಟೆಂದು ಡಿಸ್ಕಿನ ಮೇಲೆಯೇ ಕೆತ್ತಿರುತ್ತದೆ. ಆಯಿಲ್ ಬದಲಿಸುವಾಗ ಎಬಿಎಸ್ ಪಂಪಿನೊಳಗಿನ ಹಳೆಯದೂ ಹೊರಬರುವಂತೆ ಸ್ಕ್ಯಾನರಿನಿಂದ ಪಂಪ್ ಓಡಿಸಿ ಏರ್ ತೆಗೆಯಲು ಹೇಳಿ. ರೇಸಿಂಗ್ ಆಯಿಲ್ ಹಾಕಿದ ಮೇಲೆ ಎರಡು ವರ್ಷ ಕಾಯುವಂತಿಲ್ಲ, ಪ್ರತಿ ಸಲ ಟ್ರ್ಯಾಕಿಗೆ ಹೊರಡುವ ಮುಂಚೆ ಹೊಸದು.

ಪ್ಯಾಡ್ ಪಳಗಿಸಲು ನಮ್ಮ ಬೈಪಾಸ್ ಬೇಡ, ಲಾರಿಗಳು ಬೆನ್ನಿಗೇ ಇರುತ್ತವೆ. ಟ್ರ್ಯಾಕಿನಲ್ಲೇ ಮೊದಲ ಅವಧಿಯನ್ನು ಅದಕ್ಕೆ ಮೀಸಲಿಡುವುದು ಎಲ್ಲಕ್ಕಿಂತ ಒಳ್ಳೆಯದು, ಆದರೆ ಅಲ್ಲಿಯವರೆಗಿನ 700 ಕಿ.ಮೀ. ದಾಟಿದ ದಾರಿಗೂ ಬ್ರೇಕ್ ಬೇಕಲ್ಲ. ಆದ್ದರಿಂದ ಹಾಕಿಸಿದ ಮೊದಲ ವಾರ ಊರೊಳಗೆ ಮೆಲ್ಲಗೆ ಓಡಿಸಿ, ಪ್ಯಾಡ್ ಡಿಸ್ಕಿಗೆ ಕೂರಲಿ. ಟ್ರ್ಯಾಕಿನಲ್ಲಿ 90ರಿಂದ 30ಕ್ಕೆ, ಎಬಿಎಸ್ ಮುಟ್ಟದಷ್ಟು ಜೋರಾಗಿ, ಎಂಟು ಹತ್ತು ಸಲ ಇಳಿಸಿ. ನಡುವೆ ಪೂರ್ತಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಕಾದ ಪ್ಯಾಡಿನ ಗುರುತು ಡಿಸ್ಕಿನ ಮೇಲೆ ಒಂದೇ ಕಡೆ ಅಂಟಿ ಆಮೇಲೆ ಸ್ಟಿಯರಿಂಗ್ ನಡುಗುತ್ತದೆ. ಕೊನೆಗೆ ಬ್ರೇಕ್ ಮುಟ್ಟದೆ ಎರಡು ಸುತ್ತು ನಿಧಾನವಾಗಿ ಓಡಿಸಿ ಆರಿಸಿ. ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಪಿಟ್ಟಿಗೆ ಬಂದು ನಿಂತಾಗಲೂ ಹ್ಯಾಂಡ್‌ಬ್ರೇಕ್ ಹಾಕದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಇಡಿ.

ಉತ್ತರ 5 – ಹಾವೇರಿಯಿಂದ

ಹೊರಡುವ ಮುಂಚೆ ನಿಮ್ಮ ವಿಮೆಯ ಕಾಗದದಲ್ಲಿ ವಾಹನದ ಬಳಕೆಯ ಮಿತಿ ಎಂಬ ಭಾಗವನ್ನು ಓದಿ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿ ರೇಸು ಮತ್ತು ವೇಗ ಪರೀಕ್ಷೆಯನ್ನು ಹೊರಗಿಡುತ್ತದೆ. ಟ್ರ್ಯಾಕಿನಲ್ಲಿ ಏನಾದರೂ ಆದರೆ ಖರ್ಚು ಪೂರ್ತಿ ನಿಮ್ಮದೇ ಎಂದು ಎಣಿಸಿಕೊಂಡೇ ಹೊರಡಿ. ಕಿಟ್ಟಿನಲ್ಲಿ ಉಳಿದ ಹಣದಲ್ಲಿ ಒಳ್ಳೆಯ ಟೈರು ನಾಲ್ಕು ಬರುತ್ತವೆ.