ಮಂಗಟ್ಟೆ ವಿರಳವಾದ ಕಾಡಿನಲ್ಲಿ ರಾಮಪತ್ರೆಯ ಗತಿಯೇನು?

ಪ್ರಶ್ನೆ (ಕಾನುಸೀಮೆ):
ಉತ್ತರ ಕನ್ನಡದ ಘಟ್ಟದ ಕಾಡುಗಳಲ್ಲಿ ರಾಮಪತ್ರೆ ಮರದ ಬುಡದಲ್ಲಿ ಸಸಿಗಳು ಗುಂಪಾಗಿ ಹುಟ್ಟುವುದನ್ನು ನೋಡಿದ್ದೇನೆ. ಆದರೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹೆಚ್ಚಿನವು ಸತ್ತಿರುತ್ತವೆ. ದೊಡ್ಡ ಕೊಕ್ಕಿನ ಮಂಗಟ್ಟೆಗಳು (ಹಾರ್ನ್‌ಬಿಲ್) ವಿರಳವಾದ ಕಡೆ ಪಿಕಳಾರ, ಕುಟ್ರಹಕ್ಕಿಗಳು ಬೀಜ ಸಾಗಿಸುವ ಕೆಲಸವನ್ನು ವಹಿಸಿಕೊಳ್ಳಲಾರವೇ?

ಹೊಂಗೆನೆರಳು:
ವಹಿಸಿಕೊಳ್ಳಲಾರವು, ಏಕೆಂದರೆ ಅವುಗಳ ಬಾಯಿ ಅಷ್ಟು ಅಗಲವಿಲ್ಲ. ರಾಮಪತ್ರೆಯ ಬೀಜ ಹೆಚ್ಚುಕಡಿಮೆ ಅಡಿಕೆಯ ಗಾತ್ರದ್ದು. ಕಾಯಿ ಬಿರಿದಾಗ ಮಂಗಟ್ಟೆಯು ಬೀಜವನ್ನು ಅದರ ಸುತ್ತಲಿನ ತಿರುಳಿನಂಥ ಹೊದಿಕೆಯಾದ ಪತ್ರೆಯ ಸಮೇತ ಇಡಿಯಾಗಿ ನುಂಗಿ, ಪತ್ರೆಯನ್ನಷ್ಟೇ ಅರಗಿಸಿಕೊಂಡು, ಬೀಜವನ್ನು ಬೇರೆಲ್ಲೋ ಕಕ್ಕುತ್ತದೆ. ಈ ದೂರವೇ ಮುಖ್ಯ. ಒಂದು ಜಾತಿಯ ಮರಕ್ಕೇ ಒಗ್ಗಿಕೊಂಡ ಹುಳುಗಳೂ ಶಿಲೀಂಧ್ರಗಳೂ ತಾಯಿಮರದ ಸುತ್ತಲೇ ದಟ್ಟವಾಗಿರುವುದರಿಂದ ಅಲ್ಲಿಯ ಸಸಿಗಳು ಬೇಗ ಬಲಿಯಾಗುತ್ತವೆ ಎಂದು ಪರಿಸರ ವಿಜ್ಞಾನಿಗಳಾದ ಜಾನ್ಜೆನ್ 1970ರಲ್ಲಿ, ಕಾನೆಲ್ 1971ರಲ್ಲಿ ಬೇರೆಬೇರೆಯಾಗಿ ವಾದಿಸಿದ್ದರು. ನೀವು ಕಂಡದ್ದು ಬಹುಶಃ ಅದೇ. ಹಾಗೆಂದು ಮಂಗಟ್ಟೆಯೂ ಅಚ್ಚುಕಟ್ಟಾದ ಬಿತ್ತನೆಗಾರನಲ್ಲ: ಹೆಣ್ಣು ಪೊಟರೆಯೊಳಗೆ ಗೂಡು ಕೂತಿರುವ ತಿಂಗಳುಗಳಲ್ಲಿ ಬೀಜಗಳು ಆ ಒಂದೇ ಮರದ ಕೆಳಗೆ ರಾಶಿ ಬೀಳುತ್ತವೆ.

ಮತ್ತಿಮರ:
ಮೇಲಿನ ಮಾತನ್ನು ಇಡೀ ಕಾಡಿಗೆ ಅನ್ವಯಿಸಬಾರದು. ಮತ್ತಿ, ಹೊನ್ನೆ, ನಂದಿ ಮರಗಳಿಗೆ ಗಾಳಿ ಸಾಕು. ನೆಲ್ಲಿಯನ್ನು ಹಕ್ಕಿಗಳಿಗಿಂತ ಜಿಂಕೆ, ಕಾಡುಕುರಿಗಳು ತಿಂದು, ಮೆಲುಕು ಹಾಕುವಾಗ ಓಟೆಯನ್ನು ಉಗುಳುತ್ತವೆ. ಅಲ್ಲಿ ಈ ಪ್ರಾಣಿಗಳ ಬೇಟೆಯಿಂದ ಆಗುವ ನಷ್ಟವೇ ಬೇರೆ. ರಾಮಪತ್ರೆಯ ವಿಷಯದಲ್ಲಂತೂ ಪತ್ರೆಯ ವ್ಯಾಪಾರಕ್ಕಾಗಿ ಬಲಿಯದ ಕಾಯಿಗಳನ್ನೇ ಕೊಯ್ಯುವ ನಮ್ಮವರ ಪಾಲನ್ನು ಮರೆತು ಹಕ್ಕಿಯ ಲೆಕ್ಕವನ್ನಷ್ಟೇ ಹಾಕುವುದು ನ್ಯಾಯವಲ್ಲ.

ಕಾನುಸೀಮೆ:
ಒಪ್ಪಿದೆ. ಆದರೆ ಬೀಜವೇ ಸಣ್ಣದಾದರೆ ಸಣ್ಣ ಹಕ್ಕಿಗಳು ನುಂಗಬಹುದಲ್ಲವೇ?

ಹೊಂಗೆನೆರಳು:
ಅದಕ್ಕೆ ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನಲ್ಲಿ ನಿದರ್ಶನವಿದೆ. ಅಲ್ಲಿಯ ಜುಸಾರ ತಾಳೆಯನ್ನು ಮೌರೊ ಗಲೆಟ್ಟಿ ಮತ್ತು ಸಂಗಡಿಗರು 22 ಕಡೆ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟೂಕನ್‌ನಂತಹ ದೊಡ್ಡ ಹಕ್ಕಿಗಳು ಅಳಿದ ಕಾಡುಗಳಲ್ಲಿ ಬೀಜಗಳು ಕಿರಿದಾಗಿವೆ, ಏಕೆಂದರೆ ಉಳಿದ ಹಕ್ಕಿಗಳ ಗಂಟಲಿಗೆ ಇಳಿಯುವಂಥವೇ ದೂರ ಹೋಗಿ ಬೆಳೆದಿವೆ. ಆದರೆ ಸಣ್ಣ ಬೀಜ ಬೇಗ ಒಣಗುತ್ತದೆ, ಅದರ ಸಸಿಯೂ ಸಣ್ಣದು; ಆದ್ದರಿಂದ ಇದನ್ನು ಪರಿಹಾರವೆಂದು ನಾನು ಕರೆಯಲಾರೆ. ನಿಮ್ಮ ಕಾಡಿನ ಸ್ಥಿತಿಯನ್ನು ತಿಳಿಯಬೇಕಿದ್ದರೆ ಹಣ್ಣು ಬಿಡುವ ಹಳೆಯ ಮರಗಳನ್ನು ಎಣಿಸಬೇಡಿ. ತಾಯಿಮರದಿಂದ ದೂರದಲ್ಲಿ ಮೊಣಕಾಲೆತ್ತರ ದಾಟಿದ ಸಸಿಗಳೆಷ್ಟಿವೆ ಎಂದು ನೋಡಿ.