ದೊಡ್ಡಮ್ಮ ಊದಿದ ರಿಪೋರ್ಟ್: ಮನೆ ಗುಂಪಿನಲ್ಲಿ ನಡೆದ ಚರ್ಚೆ

ಅಣ್ಣ: (ಫೋಟೊ) ಅಮ್ಮನ ಊದುವ ಪರೀಕ್ಷೆಯ ರಿಪೋರ್ಟ್ ಬಂತು. ಡಾಕ್ಟರ್ ಸಿಒಪಿಡಿ ಎಂದರು, ಅಂದರೆ ಶ್ವಾಸನಾಳ ಕಿರಿದಾಗಿಯೇ ಉಳಿಯುವ ಕಾಯಿಲೆಯಂತೆ. ಇನ್‌ಹೇಲರ್ ಬರೆದುಕೊಟ್ಟಿದ್ದಾರೆ.

ದೊಡ್ಡಪ್ಪ: ಎಫ್‌ವಿಸಿ 96% ಅಂತ ಇದೆಯಲ್ಲ! ನೂರಕ್ಕೆ ತೊಂಬತ್ತಾರು ಬಂದ ಮೇಲೆ ಕಾಯಿಲೆ ಎಲ್ಲಿಂದ ಬಂತು?

ಚಿಕ್ಕಪ್ಪ: (ವಿಡಿಯೊ) ಇದನ್ನು ನೋಡಿ. ಕೆಂಪು ಚುಕ್ಕಿ ಒಂದು ಸುತ್ತು ಮುಗಿಸುವ ತನಕ ಉಸಿರು ಹಿಡಿದರೆ ಶ್ವಾಸಕೋಶ ಗಟ್ಟಿ ಇದೆ ಎಂದರ್ಥವಂತೆ. ಅತ್ತಿಗೆ 28 ಸೆಕೆಂಡ್ ಹಿಡಿದರು. ಆಕ್ಸಿಮೀಟರ್ ಕೂಡ 97 ತೋರಿಸಿತು. ಸುಮ್ನೆ ಇನ್‌ಹೇಲರ್ ಶುರು ಮಾಡಬೇಡಿ, ಆಮೇಲೆ ಬಿಡಲಿಕ್ಕೆ ಆಗುವುದಿಲ್ಲ.

ನಾನು: ಚಿಕ್ಕಪ್ಪ, ಆ ವಿಡಿಯೊ ಯಾರಿಗೂ ಕಳಿಸಬೇಡಿ. ದಿನಾ ಜನರನ್ನು ಊದಿಸುವುದೇ ನನ್ನ ಕೆಲಸ. ಉಸಿರು ಹಿಡಿಯುವುದು ಅಭ್ಯಾಸದಿಂದಲೂ ಬರುತ್ತದೆ, ಹಟದಿಂದಲೂ ಬರುತ್ತದೆ. ಗಾಳಿ ಎಷ್ಟು ಬೇಗ ಹೊರಗೆ ಬರುತ್ತದೆ ಎಂದು ಅದು ಹೇಳುವುದೇ ಇಲ್ಲ. ಆಕ್ಸಿಮೀಟರೂ ಅಷ್ಟೆ. ಕೂತಿದ್ದಾಗ 97 ತೋರಿಸುವವರಲ್ಲೂ ಸಿಒಪಿಡಿ ಇರಬಹುದು.

ನಾನು: ದೊಡ್ಡಪ್ಪ, 96 ಮಾರ್ಕ್ಸ್ ಅಲ್ಲ. ಅದೇ ವಯಸ್ಸು, ಅದೇ ಎತ್ತರದ ಆರೋಗ್ಯವಂತ ಹೆಂಗಸರ ಸರಾಸರಿಗೆ ಹೋಲಿಸಿದ ಲೆಕ್ಕ. ಕೆಲವರಿಗೆ 110 ಕೂಡ ಬರುತ್ತದೆ. ಎಫ್‌ವಿಸಿ ಎಂದರೆ ಜೋರಾಗಿ ಊದಿದಾಗ ಒಟ್ಟು ಹೊರಗೆ ಬಂದ ಗಾಳಿ. ದೊಡ್ಡಮ್ಮನದು 2.15 ಲೀಟರ್. ಅದರ ಕೆಳಗಿನ ಸಾಲು ನೋಡಿ, ಎಫ್‌ಇವಿ1. ಮೊದಲ ಒಂದು ಸೆಕೆಂಡಿನಲ್ಲಿ ಬಂದದ್ದು 1.28 ಲೀಟರ್. ಇದನ್ನು ಆ 2.15ರಿಂದ ಭಾಗಿಸಿದರೆ 0.60. ಶ್ವಾಸನಾಳ ಅಗಲಿಸುವ ಔಷಧಿ ಎಳೆಸಿದ ಮೇಲೂ ಇದು 0.70ಕ್ಕಿಂತ ಕಡಿಮೆ ಇದ್ದರೆ, ಗಾಳಿಯ ದಾರಿ ಕಿರಿದಾಗಿದೆ ಎಂದು ಲೆಕ್ಕ. ತೋಟದ ಟ್ಯಾಂಕ್ ತುಂಬಿದ್ದರೂ ಪೈಪಿನಲ್ಲಿ ಪಾಚಿ ಕಟ್ಟಿದರೆ ನೀರು ಸಣ್ಣಗೆ ಬರುತ್ತದೆ ಅಲ್ವಾ, ಹಾಗೆ.

ಚಿಕ್ಕಪ್ಪ: ಹಾಗಾದರೆ ಹೋದ ವರ್ಷದ ಕ್ಯಾಂಪಿನ ರಿಪೋರ್ಟ್? (ಫೋಟೊ) ಅದರಲ್ಲಿ ಇದೇ ಲೆಕ್ಕ 0.76 ಇದೆ. ಒಂದು ವರ್ಷದಲ್ಲಿ ಇಷ್ಟು ಇಳಿಯುತ್ತದಾ? ಈ ಸಲ ಅತ್ತಿಗೆ ಸರಿಯಾಗಿ ಊದಿರಲಿಕ್ಕಿಲ್ಲ.

ನಾನು: ಸರಿಯಾಗಿ ಊದದೇ ಇದ್ದದ್ದು ಹೋದ ವರ್ಷ. ಫೋಟೊ ದೊಡ್ಡದು ಮಾಡಿ ಸಮಯ ನೋಡಿ. ಎರಡೇ ಸೆಕೆಂಡ್ ಊದಿಸಿ ನಿಲ್ಲಿಸಿದ್ದಾರೆ. ಎಫ್‌ಇವಿ1 ಆಗಲೂ 1.22 ಇತ್ತು. ಆದರೆ ಪೂರ್ತಿ ಊದದ ಕಾರಣ ಎಫ್‌ವಿಸಿ 1.60ಕ್ಕೇ ನಿಂತಿತು. ಭಾಗಿಸುವ ಸಂಖ್ಯೆ ಚಿಕ್ಕದಾದರೆ ಉತ್ತರ ದೊಡ್ಡದಾಗುತ್ತದೆ. ರೋಗ ಅಲ್ಲೇ ಮುಚ್ಚಿಹೋಯಿತು. ಇದು ನನಗೆ ನಿಜವಾಗಿ ಸಿಟ್ಟು ತರಿಸುತ್ತದೆ. ಒಂದು ವರ್ಷ ಬರೀ ಕೆಮ್ಮಿನ ಸಿರಪ್ ಕುಡಿದರು.

ನಾನು: ಈ ಸಲದ್ದು ನಂಬಬಹುದು. ಮೂರು ಸಲ ಚೆನ್ನಾಗಿ ಊದಿದ್ದಾರೆ, ಒಳ್ಳೆಯ ಎರಡರ ನಡುವೆ 150 ಮಿ.ಲೀ. ಕೂಡ ವ್ಯತ್ಯಾಸ ಇಲ್ಲ. ಗ್ರಾಫಿನಲ್ಲಿ ಇಳಿಯುವ ಗೆರೆ ನೋಡಿ, ನೇರವಾಗಿಲ್ಲ, ಒಳಗೆ ಗುಳಿ ಬಿದ್ದಿದೆ. ಗಾಳಿಯ ದಾರಿ ಕಿರಿದಾದರೆ ಹೀಗೆ ಕಾಣುತ್ತದೆ. ನಾನು ಅಂಕಿಗಿಂತ ಮೊದಲು ಅದನ್ನೇ ನೋಡುತ್ತೇನೆ.

ಅಣ್ಣ: ಆಸ್ತಮಾ ಇರಬಹುದಾ? ಅಮ್ಮ ಬೀಡಿ ಸಿಗರೇಟು ಮುಟ್ಟಿದವರೇ ಅಲ್ಲ.

ನಾನು: ಔಷಧಿ ಎಳೆಸಿ 15 ನಿಮಿಷ ಬಿಟ್ಟು ಊದಿಸಿದಾಗ ಎಫ್‌ಇವಿ1 1.20 ಇದ್ದದ್ದು 1.28 ಆಯಿತು. 80 ಮಿ.ಲೀ. ಅಷ್ಟೆ. ಆಸ್ತಮಾದಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ ಏರುತ್ತದೆ. ಆದರೂ ಒಂದೇ ರಿಪೋರ್ಟಿನಿಂದ ಪೂರ್ತಿ ಇಲ್ಲ ಎನ್ನಲು ಆಗುವುದಿಲ್ಲ, ಡಾಕ್ಟರನ್ನು ಕೇಳು. ಬೀಡಿ ಇಲ್ಲ, ಸರಿ. ಸೌದೆ ಒಲೆ? ಬಚ್ಚಲ ಹಂಡೆಯ ಒಲೆ? ಅಡಿಕೆ ಬೇಯಿಸುವ ಒಲೆ? ನಲವತ್ತು ವರ್ಷ ಆ ಹೊಗೆ ಯಾರ ಎದೆಗೆ ಹೋಯಿತು?

ದೊಡ್ಡಪ್ಪ: ನಮ್ಮ ಅಮ್ಮನೂ ಅದೇ ಒಲೆಯ ಮುಂದೆ ಇದ್ದರು.

ನಾನು: ಅಜ್ಜಿ ಕೊನೆಯ ವರ್ಷಗಳಲ್ಲಿ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು, ದೊಡ್ಡಪ್ಪ. ನಾವು ಅದನ್ನು ವಯಸ್ಸು ಅಂದುಕೊಂಡೆವು. ಅವರನ್ನು ಯಾರೂ ಊದಿಸಿ ನೋಡಲಿಲ್ಲ.

ಚಿಕ್ಕಪ್ಪ: ಇನ್‌ಹೇಲರ್ ಚಟ ಆಗುವುದಿಲ್ಲ ಅಂತೀಯಾ?

ನಾನು: ಆಗುವುದಿಲ್ಲ. ಶ್ವಾಸನಾಳ ಅಗಲಿಸುವ ಸಾಲ್ಬ್ಯುಟಮಾಲ್ ಔಷಧಿ ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ನಲವತ್ತರಲ್ಲಿ ಒಂದು ಪಾಲು. ಅದೂ ನೇರ ಶ್ವಾಸನಾಳಕ್ಕೆ. ಕಾಯಿಲೆ ಉಳಿಯುತ್ತದೆ, ಅದಕ್ಕೇ ಔಷಧಿಯೂ ಮುಂದುವರಿಯುತ್ತದೆ. ಕನ್ನಡಕವನ್ನು ಚಟ ಅನ್ನುತ್ತೀರಾ?

ದೊಡ್ಡಮ್ಮ: ಎಲ್ಲಾ ಓದಿದೆ. ಹೇಳಿರಲಿಲ್ಲ, ತೋಟದಿಂದ ಮನೆಗೆ ಏರುವಾಗ ಎರಡು ಕಡೆ ನಿಲ್ಲುತ್ತೇನೆ. ಯಾರಾದರೂ ನೋಡಿದರೆ ಹೂವು ಕೊಯ್ಯುವ ಹಾಗೆ ಮಾಡುತ್ತೇನೆ.

ದೊಡ್ಡಪ್ಪ: ನನಗೆ ಹೇಳಬಾರದಿತ್ತಾ?

ದೊಡ್ಡಪ್ಪ: ಪುಟ್ಟಿ, ಇನ್‌ಹೇಲರ್ ಈಗಲೇ ತರಿಸುತ್ತೇನೆ. ಅಡಿಕೆ ಒಲೆಯ ಮುಂದೆ ನಾನೂ ಇದ್ದವನೇ. ನನ್ನನ್ನೂ ಊದಿಸುತ್ತೀಯಾ?

ನಾನು: ಸೋಮವಾರ ಬನ್ನಿ ದೊಡ್ಡಪ್ಪ. ಹೊಟ್ಟೆ ತುಂಬಾ ತಿಂದು ಬರಬೇಡಿ. ಎತ್ತರ ನಾನೇ ಅಳೆಯುತ್ತೇನೆ. ಬಚ್ಚಲ ಒಲೆಯ ಬೆಂಕಿ ಮಾತ್ರ ಇವತ್ತಿನಿಂದ ದೊಡ್ಡಮ್ಮ ಹಾಕುವುದು ಬೇಡ.

ಚಿಕ್ಕಪ್ಪ: ವಿಡಿಯೊ ಡಿಲೀಟ್ ಮಾಡಿದೆ.