ಓದುಗರ ಸ್ಪಂದನ: ‘ಹೊಡೆದರೂ ಅಳದ ನನ್ನ ಮಗ’

ಕಳೆದ ತಿಂಗಳು ಪ್ರಕಟವಾದ ಪತ್ರದ ಸಾರ: ಹಾಸನ ಜಿಲ್ಲೆಯ ತಾಯಿಯೊಬ್ಬರಿಗೆ ಹನ್ನೊಂದು ವರ್ಷದ ಮಗ ಮತ್ತು ಆರು ವರ್ಷದ ಮಗಳು. ಮಗ ಮನೆಯಲ್ಲಿ ಹಣ ಕದಿಯುತ್ತಾನೆ, ಸಿಕ್ಕಿಬಿದ್ದಾಗ ಅಳುಕಿಲ್ಲದೆ ಸುಳ್ಳು ಹೇಳುತ್ತಾನೆ. ಬೆಕ್ಕಿನ ಮರಿಯನ್ನು ಡಬ್ಬಿಯೊಳಗೆ ಮುಚ್ಚಿಟ್ಟಿದ್ದ. ತಂಗಿಯ ಬೆರಳು ಬಾಗಿಲ ಸಂದಿಗೆ ಸಿಕ್ಕಿ ಆಕೆ ಚೀರುತ್ತಿದ್ದಾಗ ಸುಮ್ಮನೆ ನೋಡುತ್ತ ನಿಂತಿದ್ದ. ತಂದೆ ಹೊಡೆದರೆ ಅಳುವುದಿಲ್ಲ. ಎರಡು ವರ್ಷ ವಸತಿ ಶಾಲೆಯಲ್ಲಿದ್ದು ಹೋದ ವರ್ಷ ಮನೆಗೆ ಮರಳಿದ್ದಾನೆ. ಮೈದುನ ಇಪ್ಪತ್ತು ಅಂಶಗಳ ಪಟ್ಟಿಯೊಂದನ್ನು ಹುಡುಕಿ ತುಂಬಿ, ‘ನಲವತ್ತಕ್ಕೆ ಇಪ್ಪತ್ತೇಳು ಬಂದಿದೆ, ಇವನು ಸೈಕೋಪಾತ್’ (ಇತರರ ನೋವಿಗೆ ಮಿಡಿಯದ, ತಪ್ಪಿಗೆ ಮರುಗದ ವ್ಯಕ್ತಿ) ಎಂದಿದ್ದಾರೆ. ಇದು ಹುಟ್ಟುಗುಣವೇ, ಇವನು ಬದಲಾಗಬಲ್ಲನೇ ಎಂಬುದು ತಾಯಿಯ ಪ್ರಶ್ನೆ. ಬಂದ ಉತ್ತರಗಳಲ್ಲಿ ಐದನ್ನು ಇಲ್ಲಿ ಕೊಡಲಾಗಿದೆ.

ನಿವೃತ್ತ ಮನೋವಿಜ್ಞಾನ ಅಧ್ಯಾಪಕಿ, ಮೈಸೂರು

ಸಹೋದರಿ, ನಿಮ್ಮ ಮೈದುನ ಹಾಕಿದ ಅಂಕದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದ ಅರ್ಧದಷ್ಟು ಭಯ ಆ ಅಂಕದಿಂದಲೇ ಹುಟ್ಟಿದೆ. ಆ ಪಟ್ಟಿಯನ್ನು ರೂಪಿಸಿದವರು ಕೆನಡಾದ ವ್ಯಾಂಕೂವರ್‌ನ ಮನೋವಿಜ್ಞಾನಿ ರಾಬರ್ಟ್ ಹೇರ್. ಸೆರೆಮನೆಯ ಕೈದಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ಅವರು 1980ರಲ್ಲಿ ಅದರ ಮೊದಲ ರೂಪವನ್ನೂ 1991ರಲ್ಲಿ ಪರಿಷ್ಕೃತ ರೂಪವನ್ನೂ ಪ್ರಕಟಿಸಿದರು. ಇಪ್ಪತ್ತು ಅಂಶಗಳಿಗೆ ತಲಾ ಸೊನ್ನೆ, ಒಂದು ಅಥವಾ ಎರಡು ಅಂಕ. ಉತ್ತರ ಅಮೆರಿಕದಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರನ್ನು ಸೈಕೋಪಾತ್ ಎಂದು ಪರಿಗಣಿಸುವ ರೂಢಿ. ಆದರೆ ಅಂಕ ಹಾಕಬೇಕಾದವರು ತರಬೇತಿ ಪಡೆದ ತಜ್ಞರು, ಅದೂ ದೀರ್ಘ ಸಂದರ್ಶನದ ಜೊತೆಗೆ ನ್ಯಾಯಾಲಯ, ಸೆರೆಮನೆ, ಆಸ್ಪತ್ರೆಗಳ ದಾಖಲೆಗಳನ್ನು ಓದಿದ ಮೇಲೆ. ಆ ಪಟ್ಟಿಯಲ್ಲಿ ‘ಅಲ್ಪಕಾಲ ಬಾಳಿದ ಹಲವು ದಾಂಪತ್ಯಗಳು’ ಎಂಬ ಅಂಶವಿದೆ, ‘ಷರತ್ತಿನ ಮೇಲೆ ಬಿಡುಗಡೆಯಾದ ಬಳಿಕ ಷರತ್ತು ಮುರಿದದ್ದು’ ಎಂಬ ಅಂಶವೂ ಇದೆ. ಐದನೆಯ ಅಥವಾ ಆರನೆಯ ತರಗತಿಯ ಹುಡುಗನಿಗೆ ಈ ಸಾಲುಗಳಲ್ಲಿ ನಿಮ್ಮ ಮೈದುನ ಎಷ್ಟು ಅಂಕ ಕೊಟ್ಟರೋ ಕೇಳಿ ನೋಡಿ. ಹದಿಹರೆಯದವರಿಗಾಗಿ ಬೇರೆಯದೇ ಪಟ್ಟಿ ಇದೆ. ಅದು ಕೂಡ ಹನ್ನೆರಡು ವರ್ಷದಿಂದ ಮೇಲ್ಪಟ್ಟವರಿಗೆ.

ಹಾಗೆಂದು ನೀವು ಬರೆದ ಸಂಗತಿಗಳು ಕ್ಷುಲ್ಲಕವೆಂದು ನಾನು ಹೇಳುತ್ತಿಲ್ಲ. ಸಮಾಜವಿರೋಧಿ ವ್ಯಕ್ತಿತ್ವ ದೋಷ ಎಂಬ ರೋಗನಿರ್ಣಯವನ್ನು ಹದಿನೆಂಟು ತುಂಬುವ ಮುನ್ನ ಯಾರಿಗೂ ಕೊಡುವಂತಿಲ್ಲ, ಆದರೆ ಮಕ್ಕಳಲ್ಲಿ ಕಾಣುವ ನಡವಳಿಕೆ ದೋಷಕ್ಕೆ ಪ್ರತ್ಯೇಕ ನಿರ್ಣಯವಿದೆ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೆಯ ಆವೃತ್ತಿಯು ಅದಕ್ಕೆ ಒಂದು ಉಪವಿಭಾಗವನ್ನು ಸೇರಿಸಿತು. ತಪ್ಪಿಗೆ ಪಶ್ಚಾತ್ತಾಪವಿಲ್ಲದಿರುವುದು, ಇತರರ ನೋವಿಗೆ ಮಿಡಿಯದಿರುವುದು, ಓದು ಅಥವಾ ಕೆಲಸದಲ್ಲಿ ಹಿಂದೆ ಬಿದ್ದರೂ ಲೆಕ್ಕಿಸದಿರುವುದು, ಭಾವನೆಗಳು ಮೇಲುಮೇಲಿನವಾಗಿರುವುದು ಎಂಬ ನಾಲ್ಕರಲ್ಲಿ ಕನಿಷ್ಠ ಎರಡಾದರೂ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ, ಒಂದಕ್ಕಿಂತ ಹೆಚ್ಚು ಕಡೆ, ಒಬ್ಬರಿಗಿಂತ ಹೆಚ್ಚು ಜನರೊಂದಿಗೆ ಕಾಣಬೇಕು. ಮನೆಯಲ್ಲಿ ಮಾತ್ರ ಹೀಗಿದ್ದು ಶಾಲೆಯಲ್ಲಿ ಗೆಳೆಯನ ಗಾಯಕ್ಕೆ ಮರುಗುವ ಹುಡುಗ ಈ ವಿಭಾಗಕ್ಕೆ ಬರುವುದಿಲ್ಲ. ಶಾಲೆಯಲ್ಲಿ ಅವನು ಹೇಗಿದ್ದಾನೆಂದು ನಿಮ್ಮ ಪತ್ರದಲ್ಲಿಲ್ಲ.

ತಂಗಿ ಚೀರುವಾಗ ಅವನು ನೋಡುತ್ತ ನಿಂತದ್ದು ನಿಮ್ಮನ್ನು ಹೆಚ್ಚು ಕಲಕಿದೆ. ಅವನಿಗೆ ಅದರಲ್ಲಿ ಸಂತೋಷವಿತ್ತೆಂದು ಊಹಿಸುವ ಮೊದಲು ಇನ್ನೊಂದು ಸಾಧ್ಯತೆಯನ್ನೂ ಪರಿಗಣಿಸಿ. ಇಂಥ ಲಕ್ಷಣಗಳಿರುವ ಕೆಲವು ಮಕ್ಕಳಿಗೆ ಎದುರಿಗಿರುವವರ ಮುಖದ ಮೇಲಿನ ಭಯವನ್ನು ಗುರುತಿಸುವುದೇ ಕಷ್ಟ. ಆಸ್ಟ್ರೇಲಿಯಾದ ಮಾರ್ಕ್ ಡಾಡ್ಸ್ ಮತ್ತು ಸಂಗಡಿಗರು 2006ರಲ್ಲಿ ವರದಿ ಮಾಡಿದಂತೆ, ‘ಕಣ್ಣುಗಳನ್ನು ನೋಡು’ ಎಂದು ಹೇಳಿಕೊಟ್ಟಾಗ ಅಂಥ ಹುಡುಗರು ಭಯವನ್ನು ಚೆನ್ನಾಗಿಯೇ ಗುರುತಿಸಿದರು. ಕೊರತೆಯ ಒಂದು ಪಾಲಾದರೂ ಗಮನ ಎತ್ತ ಹರಿಯುತ್ತದೆ ಎಂಬುದರಲ್ಲಿದೆ ಎಂದಾಯಿತು.

ಇನ್ನು ಹುಟ್ಟುಗುಣದ ಪ್ರಶ್ನೆ. ಎಸ್ಸಿ ವೀಡಿಂಗ್ ಎಂಬ ವಿಜ್ಞಾನಿ ಮತ್ತು ಸಹೋದ್ಯೋಗಿಗಳು ಇಂಗ್ಲೆಂಡ್ ಮತ್ತು ವೇಲ್ಸ್‌ನ ಏಳು ವರ್ಷದ ಅವಳಿ ಮಕ್ಕಳ ಬಗ್ಗೆ ಶಿಕ್ಷಕರಿಂದ ಪಡೆದ ಮಾಹಿತಿಯನ್ನು 2005ರಲ್ಲಿ ಪ್ರಕಟಿಸಿದರು. ಭಾವರಾಹಿತ್ಯವೂ (ಇತರರ ನೋವಿಗೆ ಮಿಡಿಯದ, ತಪ್ಪಿಗೆ ಮರುಗದ ಗುಣ) ಜೊತೆಗಿದ್ದ ಮಕ್ಕಳ ಸಮಾಜವಿರೋಧಿ ನಡತೆಯಲ್ಲಿ ಆನುವಂಶಿಕತೆಯ ಪಾಲು ಶೇ 81ರಷ್ಟಿತ್ತು, ಅದಿಲ್ಲದ ಮಕ್ಕಳಲ್ಲಿ ಶೇ 30ರಷ್ಟು. ಮೊದಲ ಅಂಕಿಯನ್ನು ಓದಿ ಕೈಚೆಲ್ಲುವವರೇ ಹೆಚ್ಚು. ಅದು ದೊಡ್ಡ ಗುಂಪೊಂದರಲ್ಲಿ ಮಕ್ಕಳ ನಡುವಿನ ವ್ಯತ್ಯಾಸದ ಲೆಕ್ಕವೇ ಹೊರತು ಒಬ್ಬ ಹುಡುಗನ ಭವಿಷ್ಯದ ಲೆಕ್ಕವಲ್ಲ. ಅಮೆರಿಕದಲ್ಲಿ 561 ದತ್ತು ಕುಟುಂಬಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಹೆತ್ತ ತಾಯಿಯಲ್ಲಿ ತೀವ್ರ ಸಮಾಜವಿರೋಧಿ ನಡತೆ ಇದ್ದರೆ, ಆಕೆಯೊಂದಿಗೆ ಹೆಚ್ಚಿನ ಒಡನಾಟವೇ ಇಲ್ಲದ ಮಗುವಿನಲ್ಲೂ ಎರಡು ವರ್ಷ ದಾಟುವ ವೇಳೆಗೆ ಭಾವರಾಹಿತ್ಯದ ಸುಳಿವು ಕಂಡಿತು. ಆದರೆ ಸಾಕುತಾಯಿ ಮಗುವಿನ ಒಳ್ಳೆಯ ನಡತೆಯನ್ನು ಮೆಚ್ಚಿ ಪ್ರೋತ್ಸಾಹಿಸುತ್ತಿದ್ದ ಮನೆಗಳಲ್ಲಿ ಆ ಆನುವಂಶಿಕ ಅಪಾಯ ಅಷ್ಟಾಗಿ ತಲೆ ಎತ್ತಲಿಲ್ಲ.

ಪ್ರೌಢಶಾಲಾ ಶಿಕ್ಷಕ, ಕೋಲಾರ

‘ಗಂಡುಹುಡುಗ, ದೊಡ್ಡವನಾದ ಮೇಲೆ ತಾನಾಗಿ ಸರಿಹೋಗುತ್ತಾನೆ’ ಎಂದು ನಿಮಗೆ ಹಲವರು ಹೇಳಿರುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮನೋವಿಜ್ಞಾನಿ ಟೆರ್ರಿ ಮೊಫಿಟ್ 1993ರಲ್ಲಿ ಎರಡು ಬಗೆಯ ಮಕ್ಕಳನ್ನು ಬೇರ್ಪಡಿಸಿ ತೋರಿಸಿದರು: ಹದಿಹರೆಯದಲ್ಲಿ ದಾರಿ ತಪ್ಪಿ ಆಮೇಲೆ ಹದಕ್ಕೆ ಬರುವವರು ಬಹುಪಾಲು, ಬಾಲ್ಯದಲ್ಲೇ ಆರಂಭವಾಗಿ ಬಹುಕಾಲ ಮುಂದುವರಿಯುವವರು ಕೆಲವೇ ಮಂದಿ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅಂದಿನಿಂದ ಅನುಸರಿಸುತ್ತ ಬಂದ ಅಧ್ಯಯನ ಈ ವಿಂಗಡಣೆಗೆ ಬೆನ್ನೆಲುಬು. ನಿಮ್ಮ ಮಗನ ತೊಂದರೆ ಹದಿಹರೆಯಕ್ಕೆ ಮುನ್ನವೇ ಶುರುವಾಗಿರುವುದರಿಂದ ಕಾದು ನೋಡೋಣ ಎನ್ನುವ ಸಲಹೆಗೆ ನನ್ನ ಒಪ್ಪಿಗೆಯಿಲ್ಲ.

ನಿವೃತ್ತ ಪರಿವೀಕ್ಷಣಾಧಿಕಾರಿ, ಧಾರವಾಡ

ಹೊಡೆದರೂ ಅಳದ ಹುಡುಗರನ್ನು ನಾನು ಸೇವೆಯಲ್ಲಿದ್ದಾಗ ಬಾಲಮಂದಿರಗಳಲ್ಲಿ ಸಾಕಷ್ಟು ನೋಡಿದ್ದೇನೆ. ಅಂಥವರಿಗೆ ಇನ್ನೂ ಜೋರಾಗಿ ಹೊಡೆಯಬೇಕು ಎನ್ನುವ ಹಿರಿಯರನ್ನು ಅದಕ್ಕಿಂತ ಹೆಚ್ಚಾಗಿ ನೋಡಿದ್ದೇನೆ. ಆದ್ದರಿಂದ ಈ ಪತ್ರ ತಾಯಿಗಿಂತ ಹೆಚ್ಚಾಗಿ ಮನೆಯ ಯಜಮಾನರಿಗೆ.

ಸ್ವಾಮಿ, ಶಿಕ್ಷೆಯ ಭಯ ಏಕೆ ಕೆಲಸ ಮಾಡುತ್ತಿಲ್ಲ ಎಂಬುದಕ್ಕೆ ಹಳೆಯದೊಂದು ಪ್ರಯೋಗವಿದೆ. ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ಲಿಕ್ಕನ್ ಎಂಬ ಮನೋವಿಜ್ಞಾನಿ ಅಪರಾಧಿಗಳನ್ನು ಒಂದು ಯಂತ್ರದ ಮುಂದೆ ಕೂರಿಸಿ, ಯಾವ ಸನ್ನೆಕೋಲಿನ ನಂತರ ಯಾವುದನ್ನು ಒತ್ತಬೇಕೆಂಬ ಕ್ರಮವನ್ನು ಕಲಿಯಲು ಹೇಳಿದರು. ಕೆಲವು ತಪ್ಪು ಸನ್ನೆಕೋಲುಗಳನ್ನು ಒತ್ತಿದರೆ ವಿದ್ಯುತ್ತಿನ ಸಣ್ಣ ಆಘಾತವಾಗುತ್ತಿತ್ತು. 1957ರಲ್ಲಿ ಪ್ರಕಟವಾದ ಫಲಿತಾಂಶ ಇದು: ಸೈಕೋಪಾತ್ ಲಕ್ಷಣಗಳಿದ್ದವರು ಕ್ರಮವನ್ನು ಉಳಿದವರಂತೆಯೇ ಕಲಿತರು, ಆದರೆ ಆಘಾತದಿಂದ ತಪ್ಪಿಸಿಕೊಳ್ಳುವುದನ್ನು ಅವರಷ್ಟು ಕಲಿಯಲಿಲ್ಲ. ಮಕ್ಕಳ ವಿಷಯದಲ್ಲೂ ಇದನ್ನೇ ಹೋಲುವ ಸಂಗತಿ ಕಂಡುಬಂದಿದೆ. ಆಸ್ಟ್ರೇಲಿಯಾದಲ್ಲಿ ನಾಲ್ಕರಿಂದ ಎಂಟು ವರ್ಷದ ಹುಡುಗರ ಹೆತ್ತವರಿಗೆ ತರಬೇತಿ ಕೊಟ್ಟು ನೋಡಿದಾಗ, ಒಳ್ಳೆಯ ನಡತೆಗೆ ಪ್ರತಿಫಲ ಕೊಡುವ ಪಾಠ ಎಲ್ಲ ಹುಡುಗರ ಮೇಲೂ ಪರಿಣಾಮ ಬೀರಿತು; ತಪ್ಪಿಗೆ ಒಂದಷ್ಟು ಹೊತ್ತು ಒಂಟಿಯಾಗಿ ಕೂರಿಸುವ ಪಾಠ ಮಾತ್ರ ಭಾವರಾಹಿತ್ಯವಿದ್ದವರ ಮೇಲೆ ಅಷ್ಟಾಗಿ ಪರಿಣಾಮ ಬೀರಲಿಲ್ಲ. ಅಂದರೆ ನೀವು ಹಿಡಿದಿರುವುದು ಇಂಥ ಹುಡುಗನ ಮಟ್ಟಿಗೆ ಅತ್ಯಂತ ದುರ್ಬಲವಾದ ಅಸ್ತ್ರ.

ನಿಮ್ಮ ಮಗನ ಹತ್ತಿರಕ್ಕೂ ಬಾರದಷ್ಟು ಕಠಿಣ ಹುಡುಗರ ಮೇಲೆ ನಡೆದ ಒಂದು ಪ್ರಯತ್ನವನ್ನು ತಿಳಿಸುತ್ತೇನೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ 1995ರಿಂದ ಮೆಂಡೋಟ ಬಾಲಾಪರಾಧಿ ಚಿಕಿತ್ಸಾ ಕೇಂದ್ರವಿದೆ. ಬೇರೆ ಸೆರೆಗಳು ಸಂಭಾಳಿಸಲಾಗದೆ ಕಳುಹಿಸಿದ ಹಿಂಸಾತ್ಮಕ ಹುಡುಗರು ಅಲ್ಲಿಗೆ ಬರುತ್ತಾರೆ. ಅಲ್ಲಿ ಹುಡುಗನ ಇಂದಿನ ನಡತೆಗೆ ಇಂದೇ ಅಂಕ ಹಾಕುತ್ತಾರೆ, ನಾಳೆಯ ಸವಲತ್ತುಗಳನ್ನು ಆ ಅಂಕ ನಿರ್ಧರಿಸುತ್ತದೆ, ನಾಡಿದ್ದಿಗೆ ಮತ್ತೆ ಹೊಸ ಲೆಕ್ಕ. ಹುಡುಗ ಕೆರಳಿದಷ್ಟೂ ಸಿಬ್ಬಂದಿ ಅವನಿಂದ ದೂರ ಸರಿಯುವ ಬದಲು ಅವನೊಂದಿಗೆ ಒಡನಾಟವನ್ನು ಹೆಚ್ಚಿಸುತ್ತಾರೆ. ಮೈಕೆಲ್ ಕಾಲ್ಡ್‌ವೆಲ್ ಮತ್ತು ಸಂಗಡಿಗರು ಇಲ್ಲಿಂದ ಹೊರಬಂದವರನ್ನು ಸಾಮಾನ್ಯ ಸೆರೆಗಳಿಂದ ಹೊರಬಂದ ಅಂಥದೇ ಹುಡುಗರೊಂದಿಗೆ ಹೋಲಿಸಿದಾಗ, ಮತ್ತೆ ಹಿಂಸೆಗೆ ಇಳಿದವರ ಪ್ರಮಾಣ ಅರ್ಧದಷ್ಟಿತ್ತು. ಹುಡುಗರನ್ನು ಚೀಟಿ ಎತ್ತಿ ಹಂಚಿ ಮಾಡಿದ ಪ್ರಯೋಗ ಇದಲ್ಲವಾದ್ದರಿಂದ ವಿಜ್ಞಾನಿಗಳು ಎಚ್ಚರದಿಂದಲೇ ಮಾತನಾಡುತ್ತಾರೆ, ಮಾತನಾಡಬೇಕಾದದ್ದೂ ಹಾಗೆಯೇ. ಏಕೆಂದರೆ ಎಲ್ಲ ಚಿಕಿತ್ಸೆಯೂ ಒಳ್ಳೆಯದಲ್ಲ: ಕೆನಡಾದ ಓಕ್ ರಿಡ್ಜ್ ಆಸ್ಪತ್ರೆಯಲ್ಲಿ ರೋಗಿಗಳೇ ಪರಸ್ಪರ ಚಿಕಿತ್ಸೆ ನೀಡಿಕೊಳ್ಳುವಂತೆ ನಡೆಸಿದ ಹಿಂದಿನ ಯೋಜನೆಯಿಂದ ಹೊರಬಂದ ಸೈಕೋಪಾತ್‌ಗಳು, ಚಿಕಿತ್ಸೆಯನ್ನೇ ಪಡೆಯದವರಿಗಿಂತ ಹೆಚ್ಚು ಹಿಂಸಾಕೃತ್ಯ ನಡೆಸಿದರೆಂದು 1992ರ ಅಧ್ಯಯನ ತೋರಿಸಿತು.

ಮನೆಯಲ್ಲಿ ಮೆಂಡೋಟವನ್ನು ಕಟ್ಟಲಾಗದು. ಆದರೆ ‘ಇಂದು ಸುಳ್ಳಿಲ್ಲದೆ ಕಳೆದರೆ ನಾಳೆ ಸಂಜೆ ನನ್ನ ಜೊತೆ ಪೇಟೆಗೆ’ ಎಂಬ ಕರಾರನ್ನು ಅಪ್ಪ ಮಾಡಿಕೊಳ್ಳಬಹುದು. ಮಾಡಿಕೊಂಡ ಮೇಲೆ ತಾವು ತಪ್ಪಬಾರದು.

ಮಕ್ಕಳ ಆಪ್ತಸಮಾಲೋಚಕಿ, ಉಡುಪಿ

ತಾಯಿ, ನಿಮ್ಮ ದೀರ್ಘ ಪತ್ರದಲ್ಲಿ ಒಂದೇ ವಾಕ್ಯ ಪಡೆದ ಸಂಗತಿಯೊಂದಿದೆ: ಮಗು ಎರಡು ವರ್ಷ ವಸತಿ ಶಾಲೆಯಲ್ಲಿತ್ತು. ಅಲ್ಲಿಗೆ ಹೋಗುವ ಮುನ್ನ ಅವನು ಹೇಗಿದ್ದ? ಬೆಕ್ಕು, ನಾಯಿಗಳೊಂದಿಗೆ ಹೇಗೆ ನಡೆದುಕೊಳ್ಳುತ್ತಿದ್ದ? ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗಳು ಇವು. 1941ರಷ್ಟು ಹಿಂದೆಯೇ ಬೆನ್ ಕಾರ್ಪ್‌ಮನ್ ಎಂಬ ಮನೋವೈದ್ಯರು, ಮೇಲುನೋಟಕ್ಕೆ ಒಂದೇ ಬಗೆಯ ಕಲ್ಲುಮನಸ್ಸು ಕಂಡರೂ ಕೆಲವರಲ್ಲಿ ಅದು ಮೂಲಸ್ವಭಾವವೆಂದೂ ಕೆಲವರಲ್ಲಿ ಅನುಭವಿಸಿದ ಗಾಸಿಯ ಫಲವೆಂದೂ ವಾದಿಸಿದ್ದರು. ಇತ್ತೀಚಿನ ಸಂಶೋಧನೆಯಲ್ಲೂ ಎರಡನೆಯ ಗುಂಪಿನ ಮಕ್ಕಳು ಮತ್ತೆ ಮತ್ತೆ ಕಾಣುತ್ತಾರೆ: ಹೊರಗೆ ಮರಗಟ್ಟಿದಂತಿರುವ, ಒಳಗೆ ಆತಂಕ ತುಂಬಿದ, ಬಹುಪಾಲು ದೌರ್ಜನ್ಯಕ್ಕೆ ಒಳಗಾದ ಮಕ್ಕಳು. ಹೊಡೆತಕ್ಕೆ ಅಳದಿರುವುದನ್ನು ಕೆಲವು ಮಕ್ಕಳು ಎಲ್ಲೋ ಕಲಿತು ಬಂದಿರುತ್ತಾರೆ.

ನಿಮ್ಮ ಮಗ ಯಾವ ಗುಂಪಿನವನೆಂದು ಪತ್ರ ಓದಿ ಯಾರೂ ಹೇಳಲಾರರು, ಹೇಳಿದರೆ ನಂಬಬೇಡಿ. ಹಾಸ್ಟೆಲಿನ ಬಗ್ಗೆ ಅವನನ್ನು ವಿಚಾರಣೆಗೆ ಒಳಪಡಿಸಬೇಡಿ. ತಾನಾಗಿ ಏನಾದರೂ ಹೇಳಿದರೆ ಬೆಚ್ಚಿಬೀಳದೆ ಕೇಳಿಸಿಕೊಳ್ಳಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಮೊದಲು ಕರೆದೊಯ್ಯಿರಿ. ಅಗತ್ಯವೆನಿಸಿದರೆ ಅವರೇ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಕಳುಹಿಸುತ್ತಾರೆ. ಹೋಗುವ ಮುನ್ನ ಮಾತನಾಡಿ ನೋಡಬೇಕೆನಿಸಿದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಗಮನದ ಕೊರತೆ, ಕಲಿಕೆಯ ತೊಂದರೆ, ಖಿನ್ನತೆ ಇವೆಯೇ ಎಂದೂ ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಾರೆ. ಇವಕ್ಕೆ ಚಿಕಿತ್ಸೆಯಾದರೆ ನಡತೆಯಲ್ಲಿ ಒಂದಿಷ್ಟು ಸುಧಾರಣೆ ಕಾಣುವುದುಂಟು.

ಗೃಹಿಣಿ, ಶಿರಸಿ

ಅಕ್ಕಾ, ಎಲ್ಲರೂ ಮಗನ ಬಗ್ಗೆ ಬರೆಯುತ್ತಾರೆಂದು ಗೊತ್ತಿದ್ದುದರಿಂದ ನಾನು ಮಗಳ ಬಗ್ಗೆ ಬರೆಯುತ್ತಿದ್ದೇನೆ. ಅಣ್ಣನಿಗೆ ಕಾಯಿಲೆಯಿದೆ, ಅವನನ್ನು ಪ್ರೀತಿಯಿಂದ ಗೆಲ್ಲಬೇಕು ಎಂಬ ಹೊರೆಯನ್ನು ಆರು ವರ್ಷದ ಮಗುವಿನ ಮೇಲೆ ಹೇರಬೇಡಿ. ಚಿಕಿತ್ಸೆ ಫಲ ಕೊಡುವವರೆಗೆ ಇಬ್ಬರನ್ನೇ ಮನೆಯಲ್ಲಿ ಬಿಟ್ಟು ಹೊರಗೆ ಹೋಗಬೇಡಿ, ರಾತ್ರಿ ಮಗಳು ನಿಮ್ಮ ಪಕ್ಕದಲ್ಲೇ ಮಲಗಲಿ, ಅವಳು ಬಂದು ದೂರು ಹೇಳಿದರೆ ಚಾಡಿ ಎಂದು ಗದರಬೇಡಿ. ಮನೆಯಲ್ಲಿ ಮತ್ತೆ ಬೆಕ್ಕಿನ ಮರಿ ಸಾಕುವುದನ್ನು ಸದ್ಯಕ್ಕೆ ಮುಂದೂಡಿ. ವೈದ್ಯರ ಬಳಿ ಹೋದಾಗ ಬಾಗಿಲ ಸಂದಿಯ ಘಟನೆಯನ್ನು ನಾಚಿಕೆಯಿಂದ ಮರೆಮಾಚದೆ ನಡೆದದ್ದು ನಡೆದಂತೆ ಹೇಳಿ, ಮಗಳನ್ನು ಕೂಡ ಒಮ್ಮೆ ಅವರಿಗೆ ತೋರಿಸಿ.